ವಿಂಬಲ್ಡನ್ ನೋಡಲು ಹೊರಟವರಿಗೆ: ಬ್ಯಾಲಟ್, ಕ್ಯೂ, ವೀಸಾ, ಬುತ್ತಿ

ವಿಂಬಲ್ಡನ್‌ಗೆ ಟಿಕೆಟ್ ಸಿಗುವುದೇ ಇಲ್ಲ ಎಂಬ ಮಾತು ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆಯಿಂದ ನೆಲೆಸಿರುವ ಕನ್ನಡಿಗರ ಬಾಯಲ್ಲೂ ಕೇಳಿಬರುತ್ತದೆ. ಪುರುಷರ ಫೈನಲ್‌ನ ಮಟ್ಟಿಗೆ ಆ ಮಾತು ಸರಿ. ಉಳಿದ ದಿನಗಳ ಲೆಕ್ಕವೇ ಬೇರೆ. ಬೆಳಿಗ್ಗೆ ಬೇಗ ಎದ್ದು ಹೋಗಿ, ಸಾಲಿನಲ್ಲಿ ನಿಂತು, ಆವತ್ತೇ ಟಿಕೆಟ್ ಕೊಂಡು, ಆವತ್ತೇ ಒಳ್ಳೊಳ್ಳೆಯ ಆಟಗಾರರನ್ನು ಕೆಲವೇ ಅಡಿ ದೂರದಿಂದ ನೋಡಿ ಬರುವ ದಾರಿಯನ್ನು ಈ ಟೂರ್ನಿ ಇಂದಿಗೂ ತೆರೆದಿಟ್ಟಿದೆ. ಆ ದಾರಿಯ ನಿಯಮಗಳು ಗೊತ್ತಿರಬೇಕು, ಅಷ್ಟೇ. ಅಲ್ಲಿ ಶಿಫಾರಸು ನಡೆಯುವುದಿಲ್ಲ, ಬ್ಲಾಕ್ ಟಿಕೆಟ್ ನಂಬಿದವರಿಗೆ ದುಡ್ಡೂ ಹೋಗುತ್ತದೆ, ದಿನವೂ ಹೋಗುತ್ತದೆ.

ಮೊದಲು ಕ್ಯಾಲೆಂಡರ್. ಟೂರ್ನಿ ಹದಿನಾಲ್ಕು ದಿನದ್ದು. ಜೂನ್ ಕೊನೆಯ ಅಥವಾ ಜುಲೈ ಮೊದಲ ಸೋಮವಾರ ಶುರುವಾಗಿ ಎರಡನೇ ಭಾನುವಾರ ಮುಗಿಯುತ್ತದೆ. 2026ರಲ್ಲಿ ಜೂನ್ 29ರಿಂದ ಜುಲೈ 12. ನಡುವಿನ ಭಾನುವಾರ ಮೊದಲೆಲ್ಲ ರಜೆ ಇರುತ್ತಿತ್ತು, 2022ರಿಂದ ಅಂದೂ ಆಟ ನಡೆಯುತ್ತಿದೆ. ಸಿಂಗಲ್ಸ್‌ನ ಮೊದಲ ಸುತ್ತು ಸೋಮವಾರ ಮತ್ತು ಮಂಗಳವಾರ, ಎರಡನೆಯದು ಬುಧವಾರ ಮತ್ತು ಗುರುವಾರ, ಮೂರನೆಯದು ಶುಕ್ರವಾರ ಮತ್ತು ಶನಿವಾರ, ನಾಲ್ಕನೆಯದು ಭಾನುವಾರ ಮತ್ತು ಸೋಮವಾರ. ಕ್ವಾರ್ಟರ್ ಫೈನಲ್ ಎರಡನೇ ಮಂಗಳವಾರ ಮತ್ತು ಬುಧವಾರ. ಮಹಿಳೆಯರ ಸೆಮಿಫೈನಲ್ ಗುರುವಾರ, ಪುರುಷರದು ಶುಕ್ರವಾರ, ಮಹಿಳೆಯರ ಫೈನಲ್ ಶನಿವಾರ, ಪುರುಷರದು ಭಾನುವಾರ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಷ್ಟದ ಆಟಗಾರರನ್ನು ನೋಡುವ ದಿನವನ್ನು ಲೆಕ್ಕ ಹಾಕಬಹುದು. ಯಾರ ಎದುರು ಯಾರು ಎಂದು ಹೇಳುವ ಡ್ರಾ ಹೊರಬೀಳುವುದು ಟೂರ್ನಿಗೆ ಮೊದಲಿನ ಶುಕ್ರವಾರ. ಸೋಮವಾರ ಆಡಿ ಗೆದ್ದವರು ಬುಧವಾರ, ಶುಕ್ರವಾರ, ಭಾನುವಾರ ಮತ್ತೆ ಆಡುತ್ತಾರೆ. ಮಂಗಳವಾರದವರು ಗುರುವಾರ, ಶನಿವಾರ, ಎರಡನೇ ಸೋಮವಾರ. ಹಿಂದಿನ ವರ್ಷದ ಪುರುಷರ ಚಾಂಪಿಯನ್ ಮೊದಲ ಸೋಮವಾರ ಮುಖ್ಯ ಕೋರ್ಟಾದ ಸೆಂಟರ್ ಕೋರ್ಟಿನಲ್ಲಿ ಆಟ ಶುರುಮಾಡುವುದು ಸಂಪ್ರದಾಯ, ಮಹಿಳಾ ಚಾಂಪಿಯನ್ ಮಂಗಳವಾರ. ಯಾವ ಕೋರ್ಟಿನಲ್ಲಿ ಯಾವ ಪಂದ್ಯ ಎಂಬ ಪಟ್ಟಿ ಹಿಂದಿನ ದಿನ ಬರುತ್ತದೆ, ಅದಕ್ಕೆ ಆರ್ಡರ್ ಆಫ್ ಪ್ಲೇ ಅನ್ನುತ್ತಾರೆ. ಹೊರಗಿನ ಕೋರ್ಟುಗಳಲ್ಲಿ 11 ಗಂಟೆಗೆ, ನಂ. 1 ಕೋರ್ಟಿನಲ್ಲಿ ಮಧ್ಯಾಹ್ನ 1ಕ್ಕೆ, ಸೆಂಟರ್ ಕೋರ್ಟಿನಲ್ಲಿ 1.30ಕ್ಕೆ ಆಟ ಆರಂಭ. 2025ರಿಂದ ಸಿಂಗಲ್ಸ್ ಫೈನಲ್‌ಗಳನ್ನು ಸಂಜೆ 4 ಗಂಟೆಗೆ ತಂದಿದ್ದಾರೆ.

ಬ್ಯಾಲಟ್

ಬ್ಯಾಲಟ್ ಅಂದರೆ ಲಾಟರಿ. 1924ರಿಂದ ನಡೆದುಕೊಂಡು ಬಂದಿರುವ ಪದ್ಧತಿ. ಇತ್ತೀಚಿನ ವರ್ಷಗಳಲ್ಲಿ ಅರ್ಜಿ ತೆರೆಯುತ್ತಿರುವುದು ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ, ಅದೂ ಸುಮಾರು ಎರಡೇ ವಾರ. ಹೆಚ್ಚಿನವರು ಎಡವುವುದು ಇಲ್ಲೇ. ಮೇ ತಿಂಗಳಲ್ಲಿ ಫ್ರೆಂಚ್ ಓಪನ್ ನೋಡುತ್ತಾ ವಿಂಬಲ್ಡನ್ ನೆನಪಾಗಿ ವೆಬ್‌ಸೈಟ್ ತೆರೆಯುವ ಹೊತ್ತಿಗೆ ಲಾಟರಿ ಮುಗಿದು ಎಂಟು ತಿಂಗಳಾಗಿರುತ್ತದೆ. ಮುಂದಿನ ವರ್ಷ ಹೋಗುವ ಯೋಚನೆ ಇದ್ದರೆ ಫೋನಿನ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ 1ಕ್ಕೆ ಈಗಲೇ ಗುರುತು ಹಾಕಿಡಿ.

ಅರ್ಜಿ ಹಾಕಲು ವಿಂಬಲ್ಡನ್‌ನ ಅಧಿಕೃತ ವೆಬ್‌ಸೈಟಿನಲ್ಲಿ ಮೈವಿಂಬಲ್ಡನ್ ಖಾತೆ ಬೇಕು. ಬ್ರಿಟನ್ನಿನಲ್ಲಿ ಇರುವವರಷ್ಟೇ ಅಲ್ಲದೆ ಬೆಂಗಳೂರು, ದುಬೈ, ಡಲ್ಲಾಸ್ ಎಲ್ಲಿಂದಲಾದರೂ ಅರ್ಜಿ ಹಾಕಬಹುದು. ಒಂದು ಮನೆಗೆ ಒಂದೇ ಅರ್ಜಿ. ಗಂಡ ಒಂದು, ಹೆಂಡತಿ ಒಂದು ಹಾಕಿದರೆ ಅವಕಾಶ ಇಮ್ಮಡಿಯಾಗುವುದಿಲ್ಲ, ಅರ್ಜಿಯೇ ತಿರಸ್ಕಾರವಾಗಬಹುದು. ದಿನ, ಕೋರ್ಟು, ಆಸನ ಯಾವುದೂ ನಿಮ್ಮ ಆಯ್ಕೆಯಲ್ಲ. ಲಾಟರಿ ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ಬೇಡವಾದರೆ ಬಿಡಬೇಕು. ಗರಿಷ್ಠ ಎರಡು ಟಿಕೆಟ್. ನಾಲ್ವರ ಕುಟುಂಬ ಒಟ್ಟಿಗೆ ಕೂತು ನೋಡುವ ಆಸೆಯಿದ್ದರೆ ಬ್ಯಾಲಟ್ ಅದಕ್ಕೆ ಒದಗುವುದಿಲ್ಲ.

ಗೆದ್ದವರಿಗೆ ನವೆಂಬರ್‌ನಿಂದ ಹಂತಹಂತವಾಗಿ ಇಮೇಲ್ ಬರುತ್ತದೆ. ಅದರಲ್ಲಿ ಹಣ ಕಟ್ಟಲು ಕೊನೆಯ ದಿನಾಂಕ ಇರುತ್ತದೆ, ತಪ್ಪಿದರೆ ಆ ಟಿಕೆಟ್ ಮತ್ತೊಬ್ಬರ ಪಾಲು. ಮೊದಲ ಸುತ್ತಿನಲ್ಲಿ ಬರಲಿಲ್ಲವೆಂದು ಇಮೇಲ್ ನೋಡುವುದನ್ನು ನಿಲ್ಲಿಸಬೇಡಿ, ಹೀಗೆ ಉಳಿದ ಟಿಕೆಟ್‌ಗಳನ್ನು ಮತ್ತೆ ಹಂಚುತ್ತಾರೆ. ಸ್ಪ್ಯಾಮ್ ಫೋಲ್ಡರನ್ನೂ ನೋಡುತ್ತಿರಿ. ಭಾರತದಿಂದ ಹಣ ಕಟ್ಟುವವರು ಮುಂಚೆಯೇ ಒಂದು ಕೆಲಸ ಮಾಡಿಟ್ಟುಕೊಳ್ಳಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ನಮ್ಮ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಗ್ರಾಹಕರು ಕೇಳಿದ ಮೇಲಷ್ಟೇ ಚಾಲೂ ಆಗುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿ, ಮಿತಿಯನ್ನು ಏರಿಸಿ ಇಡಿ. ಒಟಿಪಿ ಬರುವ ಸಿಮ್ ಕೈಯಲ್ಲಿರಲಿ. ಟಿಕೆಟ್ ಬಂದೂ ಪಾವತಿ ಫೇಲಾಗಿ ಕೈತಪ್ಪುವುದಕ್ಕಿಂತ ಹೊಟ್ಟೆ ಉರಿಯುವ ಸಂಗತಿ ಬೇರೆ ಇಲ್ಲ.

ಬ್ಯಾಲಟ್ ಟಿಕೆಟ್ ಅರ್ಜಿ ಹಾಕಿದವರ ಹೆಸರಿನಲ್ಲೇ ಇರುತ್ತದೆ ಮತ್ತು ಅವರೇ ಗುರುತಿನ ಚೀಟಿ ಹಿಡಿದು ಬರಬೇಕು. ಮಗ ಗೆದ್ದ ಟಿಕೆಟಿನಲ್ಲಿ ಅಪ್ಪ ಅಮ್ಮ ಇಬ್ಬರೇ ಹೋಗುವಂತಿಲ್ಲ. ಮಗ ಹೋಗಬೇಕು, ಜೊತೆಗೆ ಒಬ್ಬರನ್ನು ಕರೆದೊಯ್ಯಬಹುದು. ಹೋಗಲಾಗದಿದ್ದರೆ ಖಾತೆಯ ಮೂಲಕ ಗಡುವಿನೊಳಗೆ ವಾಪಸ್ ಕೊಡಿ. ಹೀಗೆ ವಾಪಸಾದ ಟಿಕೆಟ್‌ಗಳು ಟೂರ್ನಿಯ ಹೊತ್ತಿನಲ್ಲಿ ಅದೇ ವೆಬ್‌ಸೈಟಿನಲ್ಲಿ ಮತ್ತೆ ಮಾರಾಟಕ್ಕೆ ಬರುತ್ತವೆ, ಕ್ಷಣದಲ್ಲಿ ಖಾಲಿಯಾಗುತ್ತವೆ. ಖಾತೆ ತೆರೆದು ಕಾರ್ಡ್ ವಿವರ ಕೈಯಲ್ಲಿಟ್ಟುಕೊಂಡು ಕಾಯುವವರಿಗೆ ಸಿಕ್ಕರೂ ಸಿಗಬಹುದು.

ಇಂಗ್ಲೆಂಡಿನಲ್ಲೇ ಇದ್ದು, ಮನೆ ಹತ್ತಿರದ ಕ್ಲಬ್ಬಿನಲ್ಲಿ ಟೆನಿಸ್ ಆಡುವವರಿಗೆ ಇನ್ನೊಂದು ಬಾಗಿಲಿದೆ. ಇಲ್ಲಿನ ಟೆನಿಸ್ ಸಂಸ್ಥೆ ಎಲ್‌ಟಿಎ ತನ್ನ ಸದಸ್ಯರಿಗೆಂದು ಬೇರೆಯೇ ಬ್ಯಾಲಟ್ ನಡೆಸುತ್ತದೆ. ಸದಸ್ಯರಾದರೆ ಸಾಲದು, ಬ್ಯಾಲಟ್‌ಗೆ ಸೇರುತ್ತೇನೆಂದು ಪ್ರತ್ಯೇಕವಾಗಿ ಒಪ್ಪಿಗೆ ಕೊಡಬೇಕು. ಮಕ್ಕಳನ್ನು ಟೆನಿಸ್ ತರಗತಿಗೆ ಕಳಿಸುವ ಮನೆಗಳಲ್ಲಿ ಇದು ಗೊತ್ತಿಲ್ಲದೆ ಹೋಗುವುದೇ ಹೆಚ್ಚು. ಕ್ಲಬ್ಬಿನ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ಡಿಬೆಂಚರ್ ಎಂಬುದು ಐದು ವರ್ಷದ ಆಸನದ ಹಕ್ಕು. ಸೆಂಟರ್ ಕೋರ್ಟಿನಲ್ಲಿ ಇಂಥ 2,520 ಆಸನಗಳಿವೆ, 2026ರಿಂದ 2030ರ ಅವಧಿಗೆ ಒಂದರ ಬೆಲೆ 1,16,000 ಪೌಂಡ್. ಅದನ್ನು ನಾವು ಕೊಳ್ಳದಿದ್ದರೂ ತಿಳಿದಿರಬೇಕಾದ ಕಾರಣ ಇದು: ಮತ್ತೊಬ್ಬರಿಗೆ ಕಾನೂನುಬದ್ಧವಾಗಿ ಮಾರಬಹುದಾದ ಟಿಕೆಟ್ ಇದೊಂದೇ. ಊಟದೊಂದಿಗೆ ಬರುವ ಹಾಸ್ಪಿಟಾಲಿಟಿ ಪ್ಯಾಕೇಜನ್ನು ಟೂರ್ನಿ ನಡೆಸುವ ಕ್ಲಬ್ಬು ಗೊತ್ತುಮಾಡಿದ ಏಜೆಂಟರಿಂದ ಮಾತ್ರ ಕೊಳ್ಳಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ 'ಎರಡು ಸೆಂಟರ್ ಕೋರ್ಟ್ ಟಿಕೆಟ್ ಇದೆ, ಬೇಕಾದವರು ಹೇಳಿ' ಎಂದು ಯಾರಾದರೂ ಹಾಕಿದರೆ, ಅದು ಡಿಬೆಂಚರ್ ಅಲ್ಲದಿದ್ದರೆ, ಗೇಟಿನಲ್ಲಿ ರದ್ದಾಗುವ ಟಿಕೆಟ್. ಪರಿಚಯದವರೇ ಆಗಿದ್ದರೂ ಬೇಡ ಅನ್ನಿ.

ಕ್ಯೂ

ವಿಂಬಲ್ಡನ್‌ನ ನಿಜವಾದ ಸೊಗಸು ಇರುವುದು ಇಲ್ಲಿ. ಲಾಟರಿ ಸಿಗದ ಸಾಮಾನ್ಯ ಜನ ಒಳಗೆ ಹೋಗುವ ದಾರಿಯೂ ಇದೇ. ಸೆಂಟರ್ ಕೋರ್ಟ್, ನಂ. 1, ನಂ. 2 ಈ ಮೂರಕ್ಕೂ ದಿನಕ್ಕೆ ಸುಮಾರು 500 ಟಿಕೆಟ್‌ಗಳನ್ನು ಕ್ಯೂನಲ್ಲಿ ನಿಂತವರಿಗೆಂದೇ ಎತ್ತಿಡುತ್ತಾರೆ. ಕೊನೆಯ ನಾಲ್ಕು ದಿನ ಮಾತ್ರ ಸೆಂಟರ್ ಕೋರ್ಟಿನದು ಕ್ಯೂನಲ್ಲಿ ಇರುವುದಿಲ್ಲ. ಇದಲ್ಲದೆ ಆವರಣಕ್ಕೂ ಹೊರಗಿನ ಕೋರ್ಟುಗಳಿಗೂ ಹೋಗಲು ಸಾವಿರಾರು ಗ್ರೌಂಡ್ ಪಾಸ್‌ಗಳಿವೆ. ಒಬ್ಬರಿಗೆ ಒಂದೇ ಟಿಕೆಟ್.

ಕ್ಯೂ ಇರುವುದು ಕ್ಲಬ್ಬಿನ ಎದುರಿನ ವಿಂಬಲ್ಡನ್ ಪಾರ್ಕ್ ಮೈದಾನದಲ್ಲಿ. ಲಂಡನ್ ಮೆಟ್ರೊ (ಟ್ಯೂಬ್) ಡಿಸ್ಟ್ರಿಕ್ಟ್ ಲೈನಿನ ಸೌತ್‌ಫೀಲ್ಡ್ಸ್ ನಿಲ್ದಾಣದಲ್ಲಿ ಇಳಿದು ವಿಂಬಲ್ಡನ್ ಪಾರ್ಕ್ ರಸ್ತೆ ಹಿಡಿದರೆ ಫಲಕಗಳೇ ಕರೆದೊಯ್ಯುತ್ತವೆ. ಟೂರ್ನಿಗೆ ಮೊದಲಿನ ಭಾನುವಾರ ಮಧ್ಯಾಹ್ನ 2 ಗಂಟೆಗೆ ಕ್ಯೂ ತೆರೆಯುತ್ತದೆ, ಅದಕ್ಕೂ ಮೊದಲು ಹೋಗಿ ಠಿಕಾಣಿ ಹೂಡಲು ಬಿಡುವುದಿಲ್ಲ.

ಸಾಲಿನ ಕೊನೆಗೆ ಹೋಗಿ ಸೇರಿದ ಕೂಡಲೇ ಸಾಲು ನೋಡಿಕೊಳ್ಳುವ ಸ್ಟೂವರ್ಡ್ ಒಂದು ಕ್ಯೂ ಕಾರ್ಡ್ ಕೊಡುತ್ತಾರೆ. ದಿನಾಂಕ, ಸಂಖ್ಯೆ ಎರಡೂ ಅದರಲ್ಲಿರುತ್ತವೆ. ತಿರುಪತಿಯ ಸರ್ವದರ್ಶನದ ಟೋಕನ್ ಇದ್ದ ಹಾಗೆ, ಟಿಕೆಟ್ ಕೈಗೆ ಬರುವವರೆಗೂ ಅದೇ ನಿಮ್ಮ ಹಕ್ಕುಪತ್ರ. ಬೇರೆಯವರಿಗೆ ಕೊಡುವಂತಿಲ್ಲ. ಖುದ್ದಾಗಿ ಬಂದವರಿಗಷ್ಟೇ ಕಾರ್ಡ್ ಸಿಗುವುದರಿಂದ ಒಬ್ಬರು ಮುಂಚೆ ಹೋಗಿ ನಾಲ್ವರಿಗೆ ಜಾಗ ಹಿಡಿಯುವ ಉಪಾಯ ಇಲ್ಲಿ ನಡೆಯದು. ನಾಲ್ವರಲ್ಲಿ ಇಬ್ಬರು ಆರಕ್ಕೆ, ಇಬ್ಬರು ಎಂಟಕ್ಕೆ ಬಂದರೆ ನಡುವೆ ಸಾವಿರಗಟ್ಟಲೆ ಜನ ನಿಂತಿರುತ್ತಾರೆ. ಅವರನ್ನು ದಾಟಿಸಿ ಒಳಗೆ ಸೇರಿಸಲು ಹೋದರೆ ಸ್ಟೂವರ್ಡ್ ಬರುವ ಮೊದಲೇ ಅಕ್ಕಪಕ್ಕದವರು ಎಬ್ಬಿಸುತ್ತಾರೆ. ಎಲ್ಲರೂ ಸೌತ್‌ಫೀಲ್ಡ್ಸ್ ನಿಲ್ದಾಣದಲ್ಲೇ ಕೂಡಿಕೊಂಡು ಒಟ್ಟಿಗೆ ನಡೆಯಿರಿ. ವಿಂಬಲ್ಡನ್ ಆ್ಯಪ್ ಮತ್ತು ಮೈವಿಂಬಲ್ಡನ್ ಖಾತೆಯನ್ನು ಮನೆಯಲ್ಲೇ ಸಿದ್ಧಮಾಡಿಕೊಂಡಿರಬೇಕು. ಮೈದಾನದಲ್ಲಿ ಅಷ್ಟು ಜನರ ನಡುವೆ ನೆಟ್‌ವರ್ಕ್ ಸಿಗದೆ ಪರದಾಡುವಂತಾಗಬಾರದು.

ಕೋರ್ಟು ಯಾವುದು ಸಿಗುತ್ತದೆ ಎಂಬುದನ್ನು ಕಾರ್ಡಿನ ಸಂಖ್ಯೆಯೇ ಹೇಳುತ್ತದೆ. ಮೊದಲ 500 ಜನರಿಗೆ ಸೆಂಟರ್ ಕೋರ್ಟ್ ಆರಿಸುವ ಅವಕಾಶ ಇರುತ್ತದೆ, ನಂತರದವರಿಗೆ ನಂ. 1, ಆಮೇಲೆ ನಂ. 2. ಒಟ್ಟಿನಲ್ಲಿ 1,500ರ ಒಳಗಿನ ಸಂಖ್ಯೆ ಬಂದರೆ ಯಾವುದಾದರೂ ದೊಡ್ಡ ಕೋರ್ಟಿನ ಆಸೆ ಇಟ್ಟುಕೊಳ್ಳಬಹುದು. ಮುಂದಿನವರೆಲ್ಲ ಸೆಂಟರ್ ಕೋರ್ಟನ್ನೇ ಕೇಳುವುದಿಲ್ಲ. ಹಿಂದಿನ ಸಂಜೆ ಬಂದ ಪಂದ್ಯಗಳ ಪಟ್ಟಿ ನೋಡಿ, ಇಷ್ಟದ ಆಟಗಾರ ನಂ. 1ರಲ್ಲಿ ಇದ್ದರೆ ಅದನ್ನೇ ಆರಿಸುವವರೂ ಇರುತ್ತಾರೆ, ಹಾಗಾಗಿ ಗಡಿಯ ಸಂಖ್ಯೆ ಸ್ವಲ್ಪ ಆಚೀಚೆ ಆಗುತ್ತದೆ. ಬೆಳಿಗ್ಗೆ ಸುಮಾರು ಏಳೂವರೆಗೆ ಸ್ಟೂವರ್ಡ್‌ಗಳು ಸಾಲಿನುದ್ದಕ್ಕೂ ಬಂದು ಕೋರ್ಟಿಗೊಂದು ಬಣ್ಣದ ಕೈಪಟ್ಟಿ ಕಟ್ಟುತ್ತಾರೆ. ಆ ಹೊತ್ತಿಗೆ ಶೌಚಾಲಯಕ್ಕೋ ಚಹಾಕ್ಕೋ ಹೋಗಿದ್ದರೆ ರಾತ್ರಿಯಿಡೀ ಕಾದದ್ದು ವ್ಯರ್ಥವಾಗಬಹುದು, ಏಳರ ನಂತರ ಜಾಗ ಬಿಟ್ಟು ಕದಲಬೇಡಿ. ಗೇಟು ತೆರೆಯುವುದು 10 ಗಂಟೆಗೆ. ಹಣ ಕಾರ್ಡಿನಲ್ಲೇ ಕೊಡಬೇಕು, ನೋಟು ನಡೆಯುವುದಿಲ್ಲ.

ದೊಡ್ಡ ಕೋರ್ಟು ಬೇಕೆಂದರೆ ಹಿಂದಿನ ದಿನವೇ ಹೋಗಿ ರಾತ್ರಿ ಟೆಂಟಿನಲ್ಲಿ ಮಲಗುವುದು ಖಚಿತ ದಾರಿ. ಟೆಂಟ್ ಇಬ್ಬರು ಹಿಡಿಸುವಷ್ಟೇ ದೊಡ್ಡದಿರಬೇಕು, ನಾಲ್ವರ ಟೆಂಟ್ ಹಾಕಲು ಬಿಡುವುದಿಲ್ಲ. ಕ್ಯಾಂಪಿಂಗ್ ಒಲೆ, ಬಾರ್ಬೆಕ್ಯೂ, ಬೆಂಕಿ ಯಾವುದೂ ಇಲ್ಲ. ರಾತ್ರಿ 10ರ ನಂತರ ಹಾಡು, ಗದ್ದಲ ನಿಷಿದ್ಧ, ಹೊರಗಿನಿಂದ ಊಟ ತರಿಸುವುದಿದ್ದರೂ ಅಷ್ಟರೊಳಗೆ ತರಿಸಿಕೊಳ್ಳಬೇಕು. ನೀರು, ಶೌಚಾಲಯದ ವ್ಯವಸ್ಥೆ ಇದೆ. ಸಾಲು ಬಿಟ್ಟು ಹೋದರೆ ಅರ್ಧ ಗಂಟೆಯೊಳಗೆ ಮರಳಬೇಕು. ಟೆಂಟ್ ಹಾಕಿ ಹೋಟೆಲಿಗೆ ಹೋಗಿ ಮಲಗಿ ಬರುವವರ ಕಾರ್ಡ್ ರದ್ದಾಗುತ್ತದೆ. ಬೆಳಿಗ್ಗೆ ಐದು ಆರರ ಹೊತ್ತಿಗೆ ಎಬ್ಬಿಸಿ ಟೆಂಟ್ ಮಡಚಲು ಹೇಳುತ್ತಾರೆ. ಟೆಂಟ್, ಚೀಲಗಳನ್ನು ಅಲ್ಲೇ ಇರುವ ಲಗೇಜ್ ಕೌಂಟರಿನಲ್ಲಿ ಶುಲ್ಕ ಕೊಟ್ಟು ಇಡಬೇಕು, ಆ ಸಾಲೂ ಉದ್ದವಿರುತ್ತದೆ, ತಡಮಾಡದೆ ಮಡಚಿ.

ಜೂನ್ ಕೊನೆ ಅಂದರೆ ಬೇಸಿಗೆ ಎಂದು ತೆಳು ಅಂಗಿಯಲ್ಲಿ ಹೋಗಬೇಡಿ. ಲಂಡನ್ನಿನ ರಾತ್ರಿ ಈ ತಿಂಗಳಲ್ಲೂ 10-12 ಡಿಗ್ರಿಗೆ ಇಳಿಯುವುದುಂಟು, ಹುಲ್ಲಿನ ಮೇಲೆ ಇಬ್ಬನಿ ಬಿದ್ದು ಟೆಂಟಿನ ತಳ ಒದ್ದೆಯಾಗುತ್ತದೆ. ಸ್ಲೀಪಿಂಗ್ ಬ್ಯಾಗಿನಷ್ಟೇ ಅದರ ಕೆಳಗಿನ ಮ್ಯಾಟ್ ಮುಖ್ಯ. ಸೂರ್ಯ ಐದಕ್ಕೂ ಮೊದಲೇ ಹುಟ್ಟುತ್ತಾನೆ, ಕಣ್ಣಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆ ಇದ್ದರೆ ಎರಡು ಗಂಟೆ ಹೆಚ್ಚು ನಿದ್ದೆ.

ರಾತ್ರಿ ಮಲಗಲು ಮನಸ್ಸಿಲ್ಲದವರು ಗ್ರೌಂಡ್ ಪಾಸ್‌ಗೆ ಹೋಗಬೇಕು. ಮೊದಲ ಟ್ಯೂಬ್ ಹಿಡಿದು ಬಂದರೂ ಸಂಖ್ಯೆ ಕೆಲವು ಸಾವಿರ ದಾಟಿರುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಆವರಣ ಒಂದು ಹೊತ್ತಿಗೆ ಸುಮಾರು 42,000 ಜನ ಹಿಡಿಸುತ್ತದೆ. ತುಂಬಿದ ಮೇಲೆ ಒಬ್ಬರು ಹೊರಬಂದರೆ ಒಬ್ಬರು ಒಳಗೆ, ಹಾಗಾಗಿ ತಡವಾಗಿ ಬಂದವರಿಗೆ ಕಾಯುವಿಕೆ ಇದ್ದಕ್ಕಿದ್ದಂತೆ ಉದ್ದವಾಗುತ್ತದೆ. ಬಿಸಿಲಿನ ದಿನ, ಮೊದಲ ಎರಡು ಮೂರು ದಿನ ಅತಿ ಹೆಚ್ಚು ಜನ. ಹವಾಮಾನ ವರದಿಯಲ್ಲಿ ತುಂತುರು ಮಳೆ ಎಂದಿದ್ದ ದಿನ ಸಾಲು ಚಿಕ್ಕದಿರುತ್ತದೆ, ಸ್ವಲ್ಪ ಅದೃಷ್ಟ ಪರೀಕ್ಷೆ ಮಾಡಲು ಸಿದ್ಧರಿದ್ದವರಿಗೆ ಆ ದಿನವೇ ಒಳ್ಳೆಯದು.

ಇನ್ನೊಂದು ದಾರಿ ಸಂಜೆಯದು. ಮಧ್ಯಾಹ್ನ ಕಳೆದ ಮೇಲೆ ಗ್ರೌಂಡ್ ಪಾಸಿನ ಬೆಲೆ ಇಳಿಸುತ್ತಾರೆ. ಸೂರ್ಯ ಮುಳುಗುವುದು ರಾತ್ರಿ 9.20ರ ಹೊತ್ತಿಗೆ, ಐದಕ್ಕೆ ಒಳಗೆ ಹೋದವರಿಗೂ ಮೂರ್ನಾಲ್ಕು ಗಂಟೆಯ ಆಟ ಸಿಗುತ್ತದೆ. ಇಂಗ್ಲೆಂಡಿನ ಶಾಲೆಗಳಿಗೆ ಜುಲೈ ಮೂರನೇ ವಾರದವರೆಗೆ ರಜೆಯಿಲ್ಲವಾದ್ದರಿಂದ ಮಕ್ಕಳಿರುವ ಮನೆಯವರಿಗೆ ಇದು ಹೇಳಿ ಮಾಡಿಸಿದ್ದು.

ಗ್ರೌಂಡ್ ಪಾಸಿನಲ್ಲಿ ಏನೇನು

ಮೊದಲ ಬಾರಿ ಹೋಗುವವರಿಗೆ ನಮ್ಮ ಸಲಹೆ ಒಂದೇ: ಸೆಂಟರ್ ಕೋರ್ಟಿನ ಹಟ ಬಿಟ್ಟು ಮೊದಲ ವಾರದ ಗ್ರೌಂಡ್ ಪಾಸ್ ತೆಗೆದುಕೊಳ್ಳಿ. ಬೆಲೆ ಇತ್ತೀಚೆಗೆ 30 ಪೌಂಡಿನ ಆಸುಪಾಸು. 2025ರ ಫೈನಲ್‌ಗೆ ಸೆಂಟರ್ ಕೋರ್ಟಿನ ಆಸನ 315 ಪೌಂಡ್ ಇತ್ತು. ಈ ಪಾಸಿನಲ್ಲಿ ನಂ. 3ರಿಂದ 18ರವರೆಗಿನ ಕೋರ್ಟುಗಳ ಕಾಯ್ದಿರಿಸದ ಆಸನಗಳಲ್ಲಿ ಮೊದಲು ಬಂದವರು ಕೂರಬಹುದು. 13ನೇ ನಂಬರಿನ ಕೋರ್ಟೇ ಇಲ್ಲ, ಹುಡುಕಬೇಡಿ. ನಂ. 3, 12, 18 ದೊಡ್ಡವು, ಅವುಗಳ ಬಾಗಿಲಲ್ಲಿ ಮತ್ತೆ ಚಿಕ್ಕ ಸಾಲು ಇರುತ್ತದೆ, ಒಬ್ಬರು ಎದ್ದರೆ ಒಬ್ಬರು ಒಳಗೆ. 10ಕ್ಕೆ ಗೇಟು ದಾಟಿದವರು ಮೊದಲು ಅಲ್ಲಿಗೆ ಹೋಗಿ ಜಾಗ ಹಿಡಿಯುವುದು ಲೇಸು. 14ರಿಂದ 17ರ ಕೋರ್ಟುಗಳಲ್ಲಿ ಆಟಗಾರ ಸರ್ವ್ ಮಾಡುವ ಮುನ್ನ ಚೆಂಡು ಪುಟಿಸುವ ಸದ್ದು, ಬೂಟು ಹುಲ್ಲಿನ ಮೇಲೆ ಜಾರುವ ಸದ್ದು, ಡಬಲ್ಸ್ ಜೊತೆಗಾರರು ಬಾಯಿ ಮುಚ್ಚಿಕೊಂಡು ಆಡುವ ಪಿಸುಮಾತು ಎಲ್ಲವೂ ಕೇಳಿಸುತ್ತದೆ. 18ರ ಹೊರಗೋಡೆಯ ಮೇಲಿನ ಫಲಕವನ್ನು ನೋಡಿಬನ್ನಿ: 2010ರಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಹೂ ಮೂರು ದಿನಗಳಲ್ಲಿ 11 ಗಂಟೆ 5 ನಿಮಿಷ ಆಡಿದ್ದು ಆ ಕೋರ್ಟಿನಲ್ಲಿ, ಕೊನೆಯ ಸೆಟ್ 70-68.

ಡಬಲ್ಸ್ ಇಷ್ಟಪಡುವವರು ಮೊದಲ ವಾರದ ಬುಧವಾರದ ನಂತರ ಹೋಗಬೇಕು, ಅದು ಶುರುವಾಗುವುದೇ ಆಗ. ಮೊದಲ ಸುತ್ತುಗಳು ಹೆಚ್ಚಾಗಿ ಹೊರಗಿನ ಕೋರ್ಟುಗಳಲ್ಲೇ ನಡೆಯುತ್ತವೆ. ಕೊಡಗಿನ ರೋಹನ್ ಬೋಪಣ್ಣ 2013, 2015, 2023ರಲ್ಲಿ ಇಲ್ಲಿ ಪುರುಷರ ಡಬಲ್ಸ್ ಸೆಮಿಫೈನಲ್ ತಲುಪಿದವರು. ಡಬಲ್ಸ್ ಅನ್ನು ಕಡೆಗಣಿಸದೆ ನೋಡಲು ನಮಗೆ ಅದಕ್ಕಿಂತ ದೊಡ್ಡ ಕಾರಣ ಬೇಡ. ಎರಡನೇ ವಾರ ಹೊರಗಿನ ಕೋರ್ಟುಗಳಲ್ಲಿ ಜೂನಿಯರ್ ಮತ್ತು ವೀಲ್‌ಚೇರ್ ಪಂದ್ಯಗಳು ಹೆಚ್ಚು, ಪಾಸಿನ ಬೆಲೆಯೂ ಕಡಿಮೆ.

ಗ್ರೌಂಡ್ ಪಾಸಿನವರು ಮರೆಯಬಾರದ ಸಂಗತಿ ಮರುಮಾರಾಟ. ದೊಡ್ಡ ಕೋರ್ಟಿನಿಂದ ಬೇಗ ಹೊರಟವರ ಆಸನಗಳನ್ನು ಮಧ್ಯಾಹ್ನದ ನಂತರ ಮತ್ತೆ ಮಾರುತ್ತಾರೆ: ಸೆಂಟರ್ ಕೋರ್ಟಿಗೆ 15 ಪೌಂಡ್, ನಂ. 1 ಮತ್ತು 2ಕ್ಕೆ 10. ಹಣ ಸಮಾಜಸೇವೆಗೆ ಹೋಗುತ್ತದೆ. ಇದರ ಸಾಲು ಈಗ ಆ್ಯಪ್‌ನಲ್ಲಿದೆ, ಆವರಣದೊಳಗೆ ಇದ್ದವರು ಮಾತ್ರ ಸೇರಬಹುದು, ಸರದಿ ಬಂದಾಗ ಆವರಣದೊಳಗಿನ ಗುಡ್ಡದ ಮೇಲಿನ ಕಿಯೋಸ್ಕಿಗೆ ಹೋಗಿ ಕೊಳ್ಳಬೇಕು. ಸಂಜೆ ಐದೂವರೆ ಆರರ ನಂತರ ಆಸನಗಳು ಹೆಚ್ಚು ಹೆಚ್ಚು ಬಿಡುಗಡೆಯಾಗುತ್ತವೆ. ಸೆಂಟರ್ ಕೋರ್ಟಿನ ಮೂರನೇ ಪಂದ್ಯ ಆ ಹೊತ್ತಿಗೆ ಇನ್ನೂ ಶುರುವೇ ಆಗಿರದ ದಿನಗಳಿರುತ್ತವೆ. ಫೋನಿನ ಚಾರ್ಜ್ ಮುಗಿದವರಿಗೆ ಇದಾವುದೂ ಇಲ್ಲ, ಪವರ್ ಬ್ಯಾಂಕ್ ಒಯ್ಯಿರಿ.

ಐದು ವರ್ಷದೊಳಗಿನ ಮಕ್ಕಳನ್ನು ದೊಡ್ಡ ಕೋರ್ಟುಗಳೊಳಗೆ ಬಿಡುವುದಿಲ್ಲ. ಚಿಕ್ಕ ಮಗುವಿದ್ದವರು ಗುಡ್ಡದ ಇಳಿಜಾರಿನ ಹುಲ್ಲಿನ ಮೇಲೆ ಕೂತು ದೊಡ್ಡ ಪರದೆಯಲ್ಲಿ ನೋಡುವುದೇ ಸುಖ.

ಊರಿನಿಂದ ಬರುವವರ ವೀಸಾ

ಭಾರತದ ಪಾಸ್‌ಪೋರ್ಟಿನವರಿಗೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಬೇಕು. ಷೆಂಗೆನ್ ವೀಸಾ, ಅಮೆರಿಕದ ಗ್ರೀನ್ ಕಾರ್ಡ್, ಜರ್ಮನಿಯ ಬ್ಲೂ ಕಾರ್ಡ್ ಯಾವುದಿದ್ದರೂ ಬ್ರಿಟನ್ನಿಗೆ ಪ್ರತ್ಯೇಕ ವೀಸಾ ಮಾಡಿಸಲೇಬೇಕು. ಯುರೋಪಿನಲ್ಲಿರುವ ನಮ್ಮವರು ಇದನ್ನು ತಡವಾಗಿ ತಿಳಿದು ವಿಮಾನದ ಟಿಕೆಟ್ ಕಳೆದುಕೊಳ್ಳುತ್ತಾರೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಯುರೋಪಿಯನ್ ಒಕ್ಕೂಟದ ಪಾಸ್‌ಪೋರ್ಟ್ ಪಡೆದಿರುವ ಕನ್ನಡಿಗರಿಗೆ ವೀಸಾ ಬೇಡ, ಆದರೆ ಹೊರಡುವ ಮೊದಲು ಇಟಿಎ ಎಂಬ ಆನ್‌ಲೈನ್ ಅನುಮತಿ ಬೇಕು. ಐರ್ಲೆಂಡಿನ ಪಾಸ್‌ಪೋರ್ಟಿನವರಿಗೆ ಅದೂ ಬೇಡ.

ವಿಸಿಟರ್ ವೀಸಾಕ್ಕೆ ಪ್ರಯಾಣಕ್ಕೆ ಮೂರು ತಿಂಗಳೊಳಗೆ ಮಾತ್ರ ಅರ್ಜಿ ಹಾಕಬಹುದು. ಜೂನ್ ಕೊನೆಗೆ ಬರುವವರು ಮಾರ್ಚ್ ಕೊನೆಯಲ್ಲಿ ಸರ್ಕಾರದ ವೆಬ್‌ಸೈಟಿನಲ್ಲಿ ಅರ್ಜಿ ತುಂಬಿ, ಬೆಂಗಳೂರಿನಲ್ಲಿ ವೀಸಾ ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಕೇಂದ್ರದಲ್ಲಿ ಬೆರಳಚ್ಚು, ಫೋಟೊ ಕೊಡುವುದು ಸರಿಯಾದ ಸಮಯ. ಸಾಮಾನ್ಯವಾಗಿ ಮೂರು ವಾರದಲ್ಲಿ ತೀರ್ಮಾನ ಬರುತ್ತದೆ, ಬೇಸಿಗೆಯಲ್ಲಿ ನೂಕುನುಗ್ಗಲು ಇರುವುದರಿಂದ ಇನ್ನೆರಡು ವಾರ ಕೈಯಲ್ಲಿಟ್ಟುಕೊಳ್ಳಿ. ಟೆನಿಸ್ ಟಿಕೆಟ್ ಇದ್ದರೆ ಪ್ರತಿ ಲಗತ್ತಿಸಬಹುದು, ಇಲ್ಲದಿದ್ದರೂ ತೊಂದರೆಯಿಲ್ಲ. ಅಧಿಕಾರಿ ನೋಡುವುದು ಖರ್ಚಿಗೆ ಹಣ ಎಲ್ಲಿಂದ, ವಾಪಸ್ ಹೋಗಲು ಊರಿನಲ್ಲಿ ಏನಿದೆ ಎಂಬುದನ್ನು. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್ ಅಥವಾ ಪಿಂಚಣಿ ದಾಖಲೆ, ಮಗ ಅಥವಾ ಮಗಳ ಆಹ್ವಾನ ಪತ್ರ, ಅವರ ವಾಸದ ದಾಖಲೆ ಇವಿಷ್ಟು ಸರಿಯಾಗಿರಲಿ. ಅರ್ಜಿಗೆ ಮುಂಚೆ ಒಮ್ಮೆಲೇ ದೊಡ್ಡ ಮೊತ್ತ ಖಾತೆಗೆ ಹಾಕಿದರೆ ಅದು ಎಲ್ಲಿಂದ ಬಂತೆಂದು ತೋರಿಸಬೇಕಾಗುತ್ತದೆ. ಜಮೀನಿನ ಪಹಣಿ, ಮನೆಯ ಖಾತೆ ಕನ್ನಡದಲ್ಲಿದ್ದರೆ ಪೂರ್ತಿ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಅನುವಾದ ಸರಿಯಾಗಿದೆ ಎಂಬ ಹೇಳಿಕೆ, ದಿನಾಂಕ, ಅನುವಾದಕರ ಹೆಸರು, ಸಹಿ, ಸಂಪರ್ಕ ವಿವರ ಅದರ ಮೇಲಿರಬೇಕು. ಬರೀ ಕನ್ನಡದ ಪ್ರತಿ ಹಾಕಿದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಿರಿಯರನ್ನು ಕರೆತರುವುದಾದರೆ ರಾತ್ರಿಯ ಕ್ಯೂ ಬೇಡ. ಸಂಜೆಯ ಪಾಸ್ ಅಥವಾ ಎರಡನೇ ವಾರದ ಒಂದು ದಿನ ಅವರಿಗೆ ಹಿತ. ನಡೆಯಲು, ಹೆಚ್ಚು ಹೊತ್ತು ನಿಲ್ಲಲು ಆಗದವರಿದ್ದರೆ ಕ್ಯೂ ಸೇರುವಾಗಲೇ ಸ್ಟೂವರ್ಡ್‌ಗೆ ಹೇಳಿ.

ತಂಗುವುದು, ತಲುಪುವುದು

ವಿಂಬಲ್ಡನ್ ಊರಿನಲ್ಲೇ ಆ ಎರಡು ವಾರ ಕೋಣೆಗಳ ಬಾಡಿಗೆ ಗಗನಕ್ಕೇರುತ್ತದೆ. ಡಿಸ್ಟ್ರಿಕ್ಟ್ ಲೈನಿನ ಮೇಲಿರುವ ಅರ್ಲ್ಸ್ ಕೋರ್ಟ್, ಫುಲ್‌ಹ್ಯಾಂ, ಪಟ್ನಿ ಕಡೆ ನೋಡಿ. ಹೀಥ್ರೂನಿಂದ ಬರುವವರಿಗೂ ಅರ್ಲ್ಸ್ ಕೋರ್ಟ್ ಅನುಕೂಲ: ಪಿಕಡಿಲಿ ಲೈನಿನಲ್ಲಿ ಬಂದು ಅಲ್ಲಿ ಡಿಸ್ಟ್ರಿಕ್ಟ್ ಲೈನಿಗೆ ಬದಲಾಯಿಸಿದರೆ ಸೌತ್‌ಫೀಲ್ಡ್ಸ್. ಸ್ಲೌ, ರೆಡಿಂಗ್ ಕಡೆಯವರು ಎಲಿಜಬೆತ್ ಲೈನಿನಲ್ಲಿ ಪ್ಯಾಡಿಂಗ್ಟನ್‌ಗೆ ಬಂದರೆ ಅಲ್ಲಿಂದ ಡಿಸ್ಟ್ರಿಕ್ಟ್ ಲೈನಿನ ನೇರ ರೈಲಿದೆ. ಈಸ್ಟ್ ಹ್ಯಾಂನವರು ಡಿಸ್ಟ್ರಿಕ್ಟ್ ಲೈನಿನಲ್ಲೇ ಇದ್ದಾರೆ. ಒಂದೇ ಎಚ್ಚರಿಕೆ: ಆ ಲೈನ್ ಅರ್ಲ್ಸ್ ಕೋರ್ಟಿನ ನಂತರ ಕವಲೊಡೆಯುತ್ತದೆ, ರಿಚ್ಮಂಡ್ ಅಥವಾ ಈಲಿಂಗ್ ಬ್ರಾಡ್‌ವೇ ರೈಲು ಹತ್ತಿದರೆ ಬೇರೆ ದಿಕ್ಕಿಗೆ ಹೋಗುತ್ತೀರಿ. ರೈಲಿನ ಮುಂಭಾಗದಲ್ಲಿ ವಿಂಬಲ್ಡನ್ ಎಂದಿದೆಯೇ ನೋಡಿ. ಸೌತ್‌ಫೀಲ್ಡ್ಸ್‌ನಿಂದ ಕ್ಲಬ್ಬಿಗೆ ಕಾಲು ಗಂಟೆ ನಡಿಗೆ, ವಿಂಬಲ್ಡನ್ ನಿಲ್ದಾಣದಿಂದ 20 ನಿಮಿಷ. ವಾಟರ್‌ಲೂನಿಂದ ವಿಂಬಲ್ಡನ್‌ಗೆ ದೊಡ್ಡ ರೈಲೂ ಇದೆ. ಕಾರು ತರಬೇಡಿ, ಸುತ್ತಲಿನ ಬೀದಿಗಳಲ್ಲಿ ಆ ದಿನಗಳಲ್ಲಿ ಪಾರ್ಕಿಂಗ್ ನಿರ್ಬಂಧ ಬಿಗಿ.

ಚೀಲ ಮತ್ತು ಬುತ್ತಿ

ಒಬ್ಬರಿಗೆ ಒಂದೇ ಚೀಲ, ಅಳತೆ 40 × 30 × 30 ಸೆಂಟಿಮೀಟರಿನೊಳಗೆ. ಗಟ್ಟಿ ಕೂಲ್ ಬಾಕ್ಸ್, ಪಿಕ್ನಿಕ್ ಬುಟ್ಟಿ, ಮಡಚುವ ಕುರ್ಚಿ, ಸೆಲ್ಫಿ ಸ್ಟಿಕ್, 300 ಮಿ.ಮೀ. ಮೀರಿದ ಲೆನ್ಸ್ ಒಳಗೆ ಬಿಡುವುದಿಲ್ಲ.

ಮನೆಯ ಊಟ ಒಯ್ಯಬಹುದು. ಇಷ್ಟು ದೊಡ್ಡ ಕ್ರೀಡಾಕೂಟದಲ್ಲಿ ಇದು ಅಪರೂಪದ ಸೌಕರ್ಯ, ಚೆನ್ನಾಗಿ ಬಳಸಿಕೊಳ್ಳಿ. ಬಿಸಿಲಲ್ಲಿ ಆರೇಳು ಗಂಟೆ ಕೆಡದಿರುವುದು ಮುಖ್ಯ. ಪುಳಿಯೋಗರೆ, ಚಪಾತಿ ಚಟ್ನಿಪುಡಿ, ನಿಪ್ಪಟ್ಟು, ಕೋಡುಬಳೆ ಸರಿ. ಕಾಯಿ ತುರಿ ಹಾಕಿದ ಚಿತ್ರಾನ್ನ, ಮೊಸರನ್ನ ಬೇಗ ಹುಳಿಯಾಗುತ್ತವೆ. ಮೆತ್ತನೆಯ ಚೀಲದಲ್ಲಿ ಹಗುರ ಪ್ಲಾಸ್ಟಿಕ್ ಡಬ್ಬಿ ಸಾಕು. ಕುರುಕಲನ್ನು ಪಾಯಿಂಟ್ ನಡೆಯುವಾಗ ತಿನ್ನಬೇಡಿ, ಹೊರಗಿನ ಕೋರ್ಟಿನಲ್ಲಿ ಪೊಟ್ಟಣದ ಪರಪರ ಆಟಗಾರರ ಕಿವಿಗೆ ಬೀಳುತ್ತದೆ. ಖಾಲಿ ನೀರಿನ ಬಾಟಲಿ ಒಯ್ದರೆ ಒಳಗೆ ಉಚಿತವಾಗಿ ತುಂಬಿಸಿಕೊಳ್ಳಬಹುದು. ಸ್ಟ್ರಾಬೆರಿ ಮತ್ತು ಕ್ರೀಮ್ 2010ರಿಂದ 2.50 ಪೌಂಡಿಗೇ ನಿಂತಿತ್ತು, 2025ರಲ್ಲಿ 2.70 ಆಯಿತು, ಅದನ್ನು ಮಾತ್ರ ಅಲ್ಲೇ ಕೊಂಡು ತಿನ್ನಿ. ಸಂಜೆ ದಕ್ಷಿಣ ಭಾರತದ ಬಿಸಿ ಊಟ ಬೇಕೆನಿಸಿದರೆ ಕ್ಲಬ್ಬಿನ ಹತ್ತಿರ ಹಾಯುವ 493ನೇ ನಂಬರಿನ ಬಸ್ ಟೂಟಿಂಗ್‌ವರೆಗೆ ಹೋಗುತ್ತದೆ, ಅಲ್ಲಿ ದೋಸೆ ಹೋಟೆಲುಗಳಿಗೆ ಬರವಿಲ್ಲ.

ಟೋಪಿ, ಸನ್‌ಸ್ಕ್ರೀನ್, ತೆಳು ಮಳೆಯಂಗಿ ಮೂರೂ ಒಂದೇ ದಿನ ಬೇಕಾಗಬಹುದು. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಕಾಣುವುದಿಲ್ಲ, ಮಳೆಯಂಗಿಯೇ ವಾಸಿ. ಸೆಂಟರ್ ಕೋರ್ಟಿಗೆ 2009ರಿಂದ, ನಂ. 1ಕ್ಕೆ 2019ರಿಂದ ಮುಚ್ಚುವ ಛಾವಣಿ ಇದೆ, ಉಳಿದವಕ್ಕೆ ಇಲ್ಲ. ನಿಮ್ಮ ಕೋರ್ಟಿನಲ್ಲಿ ಮಳೆಯಿಂದ ಒಂದು ಗಂಟೆಯೂ ಆಟ ನಡೆಯದಿದ್ದರೆ ಟಿಕೆಟಿನ ಪೂರ್ತಿ ಹಣ, ಒಂದರಿಂದ ಎರಡು ಗಂಟೆಯೊಳಗಾದರೆ ಅರ್ಧ ವಾಪಸ್ ಬರುತ್ತದೆ.

ಛಾವಣಿಯ ಕೆಳಗೆ ಆಟ ರಾತ್ರಿ 11ರವರೆಗೆ ಹೋಗಬಹುದು, ಅದು ಸ್ಥಳೀಯ ಆಡಳಿತ ಹಾಕಿರುವ ಗಡುವು. ಲಂಡನ್ನಿನ ಹೊರಗಿನಿಂದ ಬಂದವರು ತಮ್ಮ ಊರಿನ ಕೊನೆಯ ರೈಲಿನ ಸಮಯವನ್ನು ಬೆಳಿಗ್ಗೆಯೇ ನೋಡಿಟ್ಟುಕೊಂಡಿರಬೇಕು. ಡಿಸ್ಟ್ರಿಕ್ಟ್ ಲೈನಿನಲ್ಲಿ ವಾರಾಂತ್ಯದಲ್ಲೂ ರಾತ್ರಿಯಿಡೀ ಓಡುವ ರೈಲಿಲ್ಲ. ಪಂದ್ಯ ಮುಗಿದ ಕೂಡಲೇ ಎಲ್ಲರೂ ಸೌತ್‌ಫೀಲ್ಡ್ಸ್ ಕಡೆ ನುಗ್ಗುತ್ತಾರೆ, ನಿಲ್ದಾಣದ ಬಾಗಿಲಲ್ಲೇ ತಡೆದು ತಡೆದು ಬಿಡುತ್ತಾರೆ. ಬೇಗ ಹೊರಡಬೇಕಾದವರಿಗೆ ಗುಡ್ಡ ಹತ್ತಿ ಇಳಿದು ವಿಂಬಲ್ಡನ್ ನಿಲ್ದಾಣಕ್ಕೆ ನಡೆಯುವುದೇ ಮೇಲು; ಅಲ್ಲಿ ಟ್ಯೂಬ್, ವಾಟರ್‌ಲೂ ರೈಲು, ಟ್ರಾಂ ಮೂರೂ ಸಿಗುತ್ತವೆ.